ಕ್ಯಾಲಿಫೋರ್ನಿಯಾದ ಹಳೇ ಡಿವೋರ್ಸ್ ಡಿಕ್ರಿ ಬೇಕು, ಯಾವ ಕೌಂಟಿ ಅಂತಲೇ ಗೊತ್ತಿಲ್ಲ. ಯಾರಾದರೂ ತರಿಸಿಕೊಂಡಿದ್ದೀರಾ?

ತುಂಗೆದಡ
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಡೆಯವಳು, ಈಗ ಮೈಸೂರಿನಲ್ಲಿದ್ದೇನೆ. 2008ರಿಂದ 2014ರವರೆಗೆ ಬೇ ಏರಿಯಾದಲ್ಲಿದ್ದೆ. 2013ರಲ್ಲಿ ಅಲ್ಲೇ ಡಿವೋರ್ಸ್ ಆಯಿತು. ಮಕ್ಕಳಿರಲಿಲ್ಲ, ಆಸ್ತಿಯ ಜಗಳ ಇರಲಿಲ್ಲ, ಇಬ್ಬರೂ ಸಹಿ ಹಾಕಿ ಮುಗಿಸಿದ್ದು. ವಾಪಸ್ ಬರುವಾಗ ಡಿಕ್ರಿಯ ಒಂದು ಜೆರಾಕ್ಸ್ ಮಾತ್ರ ತಂದೆ. ಅದರ ಮೇಲ್ತುದಿ ಸ್ಕ್ಯಾನರ್‌ನಲ್ಲಿ ಕತ್ತರಿಸಿಹೋಗಿದೆ. ಕೇಸ್ ನಂಬರ್ ಇರಬೇಕಾದ್ದೂ ಅಲ್ಲೇ, ಕೋರ್ಟಿನ ಹೆಸರು ಇರಬೇಕಾದ್ದೂ ಅಲ್ಲೇ.

ಈಗ ಮತ್ತೆ ಮದುವೆ ನಿಶ್ಚಯವಾಗಿದೆ. ಸ್ಪೆಷಲ್ ಮ್ಯಾರೇಜ್ ಆಕ್ಟ್ ಅಡಿಯಲ್ಲಿ ನೋಟಿಸ್ ಕೊಡಬೇಕು. ವಕೀಲರು ಜೆರಾಕ್ಸ್ ನೋಡಿ ನಕ್ಕುಬಿಟ್ಟರು. ಪಾಸ್‌ಪೋರ್ಟಿನಲ್ಲೂ ಹಳೇ ಗಂಡನ ಹೆಸರೇ ಇದೆ.

ಆಗ ನಾನಿದ್ದದ್ದು ಫ್ರೀಮಾಂಟ್. ಅಲಮೀಡಾ ಕೌಂಟಿಯ ಕೋರ್ಟಿನಲ್ಲಿ ಹೆಸರು ಕೊಟ್ಟು ಹುಡುಕಿಸಿದೆ, ಅಂಥ ಕೇಸೇ ಇಲ್ಲವಂತೆ. ಆ ಮನುಷ್ಯನನ್ನು ಕೇಳುವ ಮನಸ್ಸಿಲ್ಲ. ಇಲ್ಲಿಂದ ಕೂತು ತರಿಸಿಕೊಳ್ಳಲು ದಾರಿ ಇದೆಯೇ?

ಸುಮ್ನೆಬಂದೆ
ಇಷ್ಟಕ್ಕೆಲ್ಲ ಯಾಕೆ ಒದ್ದಾಟ? ಡಿವೋರ್ಸ್ ರೆಕಾರ್ಡ್ ಹುಡುಕಿಕೊಡೋ ವೆಬ್‌ಸೈಟ್ ಬೇಕಾದಷ್ಟಿವೆ. ಮೂವತ್ತೋ ನಲವತ್ತೋ ಡಾಲರ್ ಕಟ್ಟಿದ್ರೆ ಐದು ನಿಮಿಷದಲ್ಲಿ ಪಿಡಿಎಫ್ ಬರುತ್ತೆ.

ಮಿಲ್ಪಿಟಸ್_ಮಾವ
ಆ ದುಡ್ಡಿಗೆ ಒಂದು ವಾರ ಎಂಟಿಆರ್ ತಿನ್ನಬಹುದು. ಅವರು ಕೊಡೋದು ಇಂಡೆಕ್ಸಿನಿಂದ ಕೆರೆದ ನಾಲ್ಕು ಸಾಲು: ಹೆಸರು, ಊರು, ವರ್ಷ. ಅದರ ಮೇಲೆ ಕೋರ್ಟಿನ ಮುದ್ರೆ ಇರಲ್ಲ, ಕ್ಲರ್ಕ್ ಸಹಿ ಇರಲ್ಲ. ಮೈಸೂರಿನಲ್ಲಿ ಅದಕ್ಕೆ ಕವಡೆ ಕಿಮ್ಮತ್ತಿಲ್ಲ.

ತುಂಗೆದಡ ಅವರೇ, ಮೊದಲು ಒಂದು ವಿಷಯ. ಅಮೆರಿಕದಲ್ಲಿ ದೇಶಕ್ಕೆಲ್ಲ ಸೇರಿ ಒಂದು ಡಿವೋರ್ಸ್ ದಫ್ತರ ಅಂತ ಇಲ್ಲ. ಅದು ರಾಜ್ಯದ ವಿಷಯ, ರಾಜ್ಯದೊಳಗೆ ಕೌಂಟಿ ಕೋರ್ಟಿನ ವಿಷಯ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿ, ಒಂದೊಂದಕ್ಕೂ ಒಂದು ಸುಪೀರಿಯರ್ ಕೋರ್ಟ್. ಕೇಸ್ ಎಲ್ಲಿ ಹಾಕಿದ್ದರೋ ಫೈಲ್ ಅಲ್ಲೇ ಇರುತ್ತೆ. ಪಕ್ಕದ ಕೌಂಟಿಯವರ ಕಂಪ್ಯೂಟರಿನಲ್ಲಿ ಅದು ಕಾಣೋದೂ ಇಲ್ಲ. ರಾಜ್ಯದ ಆರೋಗ್ಯ ಇಲಾಖೆಗೆ ಬರೆಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅವರ ಹತ್ತಿರ ಇರೋದು 1962ರಿಂದ 1984ರ ಜೂನ್‌ವರೆಗಿನ ದಾಖಲೆ ಮಾತ್ರ, ಅದೂ ಡಿಕ್ರಿ ಅಲ್ಲ.

ಈಗ ಯೋಚನೆ ಮಾಡಿ: ಕೇಸ್ ಹಾಕಿದ್ದು ನೀವೋ ಅವರೋ? ಹಾಕುವಾಗ ಅವರು ಯಾವ ಊರಲ್ಲಿದ್ದರು?

ತುಂಗೆದಡ
ಹಾಕಿದ್ದು ಅವರು. ಬೇರೆಯಾದ ಮೇಲೆ ಅವರು ಮನೆ ಬದಲಿಸಿದ್ದರು. ನಿಮ್ಮ ಹೆಸರಲ್ಲೇ ಇದೆ ನೋಡಿ, ಮಿಲ್ಪಿಟಸ್‌ಗೆ!

ಮಿಲ್ಪಿಟಸ್_ಮಾವ
ಹಾಗಾದರೆ ಗಂಟು ಬಿಚ್ಚಿತು. ಫ್ರೀಮಾಂಟಿಗೂ ಮಿಲ್ಪಿಟಸ್‌ಗೂ ಮಧ್ಯೆ ಇರೋದು ಹೆದ್ದಾರಿಯ ಎರಡು ಎಕ್ಸಿಟ್. ಆದರೆ ಫ್ರೀಮಾಂಟ್ ಅಲಮೀಡಾ ಕೌಂಟಿ, ಮಿಲ್ಪಿಟಸ್ ಸಾಂಟಾ ಕ್ಲಾರಾ ಕೌಂಟಿ. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರಲ್ಲಿ ಒಬ್ಬರು ರಾಜ್ಯದಲ್ಲಿ 6 ತಿಂಗಳು, ಆ ಕೌಂಟಿಯಲ್ಲಿ 3 ತಿಂಗಳು ಇದ್ದರೆ ಸಾಕು, ಅಲ್ಲಿ ಅರ್ಜಿ ಹಾಕಬಹುದು. ಮದುವೆ ಎಲ್ಲಾಯಿತು, ಸಂಸಾರ ಎಲ್ಲಿ ಮಾಡಿದಿರಿ ಅನ್ನೋದು ಲೆಕ್ಕಕ್ಕೆ ಬರಲ್ಲ. ನಿಮ್ಮ ಫೈಲ್ ಸ್ಯಾನ್ ಹೊಸೆಯಲ್ಲಿರಬೇಕು. ಈಗ ಅಲ್ಲಿನ ಕುಟುಂಬ ಕೇಸುಗಳದ್ದೆಲ್ಲ ನಾರ್ತ್ ಫಸ್ಟ್ ಸ್ಟ್ರೀಟಿನ ಫ್ಯಾಮಿಲಿ ಜಸ್ಟಿಸ್ ಸೆಂಟರ್. ಅದು ಶುರುವಾದದ್ದೇ 2016ರಲ್ಲಿ, ಆದ್ದರಿಂದ ನಿಮ್ಮ ನೆನಪಿನ ಕಟ್ಟಡ ಬೇರೆ ಇರಬಹುದು. ಗಾಬರಿ ಬೇಡ.

ಕೋರ್ಟಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಕೇಸ್ ನಂಬರ್ ಹುಡುಕಿ. ನಂಬರ್ ಸಿಗುತ್ತೆ, ಯಾವ್ಯಾವ ತಾರೀಕು ಏನೇನು ದಾಖಲಾಯಿತು ಅನ್ನೋ ಪಟ್ಟಿಯೂ ಸಿಗುತ್ತೆ. ಆದರೆ ಕಾಗದಗಳನ್ನು ಮನೆಯಿಂದ ತೆರೆದು ಓದೋಕೆ ಬಿಡಲ್ಲ. ಕುಟುಂಬದ ಕೇಸುಗಳಿಗೆ ಅಲ್ಲಿನ ನಿಯಮವೇ ಹಾಗೆ, ಕೋರ್ಟಿಗೆ ಹೋಗಿ ನೋಡಬೇಕು.

ತುಂಗೆದಡ
ಹಾಕಿದೆ. ಏನೂ ಬರುತ್ತಿಲ್ಲ.

ಕರಾವಳಿಕೂಸು
ಹೆಸರು ಹೇಗೆ ಬರೆದಿರಿ? ನಗಬೇಡಿ, ನಮ್ಮವರ ಹುಡುಕಾಟ ಹಾಳಾಗೋದು ಇಲ್ಲೇ. ನಾನು ಸಿಯಾಟಲ್ ಹತ್ತಿರ ಒಬ್ಬ ಲಾಯರ್ ಆಫೀಸಿನಲ್ಲಿ ಆರು ವರ್ಷ ಇದೇ ಕೆಲಸ ಮಾಡಿದ್ದೇನೆ. ನಮ್ಮ ಹೆಸರು ಅಂದರೆ ಊರು, ಅಪ್ಪನ ಹೆಸರು, ಸ್ವಂತ ಹೆಸರು. ಅದರಲ್ಲಿ ಯಾವುದನ್ನು ಅಮೆರಿಕದವರು ಲಾಸ್ಟ್ ನೇಮ್ ಮಾಡಿಕೊಂಡರೋ ದೇವರೇ ಬಲ್ಲ. ಒಬ್ಬರ ಫೈಲ್ ‘ತೀರ್ಥಹಳ್ಳಿ’ ಅಂತ ಊರ ಹೆಸರಲ್ಲಿ ಸಿಕ್ಕಿತು. ಆಕೆಯ ಹೆಸರಿನಲ್ಲಿ ನಾನು ಎರಡು ದಿನ ಹುಡುಕಿದ್ದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ‘ಎಫ್‌ಎನ್‌ಯು’ ಅಂತ ಅಂಟಿಸಿರುತ್ತಾರೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಕೆಲವು ಕಡೆ ಅದೇ ಅವರ ಹೆಸರಾಗಿ ಕೋರ್ಟಿನ ಪುಸ್ತಕಕ್ಕೂ ಹತ್ತಿದೆ.

ಗೌಡ ಅನ್ನೋದನ್ನ ಒ ಡಬ್ಲ್ಯೂ ಹಾಕಿ ನೋಡಿ, ಒ ಯು ಹಾಕಿ ನೋಡಿ. ಲತಾ, ಗೀತಾ ಇದ್ದರೆ ಟಿ ಜೊತೆ ಎಚ್ ಹಾಕಿ, ತೆಗೆದು, ಎರಡೂ ನೋಡಿ. ಶ್ರೀಗೆ ಮೂರು ಸ್ಪೆಲ್ಲಿಂಗ್. ಅದಕ್ಕಿಂತ ಸುಲಭ: ಕೇಸ್ ಹಾಕಿದವರ ಹೆಸರಲ್ಲಿ ಹುಡುಕಿ. ಅವರು ತಮ್ಮ ಹೆಸರನ್ನು ತಾವೇ ಬರೆದಿರುತ್ತಾರೆ. ನಿಮ್ಮ ಹೆಸರನ್ನೂ ಅವರೇ ಬರೆದಿರುತ್ತಾರೆ.

ತುಂಗೆದಡ
ಸಿಕ್ಕಿತು!!! ಅವರ ಹೆಸರಲ್ಲಿ ಹಾಕಿದೆ, ಒಂದೇ ಏಟಿಗೆ ಬಂತು. ನನ್ನ ಅಪ್ಪನ ಹೆಸರು ನನ್ನ ಲಾಸ್ಟ್ ನೇಮ್ ಆಗಿದೆ, ಅದರಲ್ಲೂ ಒಂದು ಅಕ್ಷರ ತಪ್ಪು. ಅಪ್ಪ ಇದ್ದಿದ್ದರೆ ಕೋರ್ಟಿಗೇ ಪತ್ರ ಬರೆಯುತ್ತಿದ್ದರು.

ಈಗ ಮುಂದೇನು? ನನ್ನ ಗೆಳತಿ ಸನಿವೇಲ್‌ನಲ್ಲಿದ್ದಾಳೆ. ಅವಳು ಹೋಗಿ ಕೇಳಿದರೆ ಕೊಡುತ್ತಾರಾ?

ಮಿಲ್ಪಿಟಸ್_ಮಾವ
ಕೊಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಡಿವೋರ್ಸ್ ಫೈಲ್ ಸಾಮಾನ್ಯವಾಗಿ ಸಾರ್ವಜನಿಕ ದಾಖಲೆ. ಜಡ್ಜ್ ಆದೇಶ ಮಾಡಿ ಮುಚ್ಚಿಸಿದ್ದರೆ ಮಾತ್ರ ಇಲ್ಲ. ಗೆಳತಿ ಕೇಸ್ ನಂಬರ್ ಹಿಡಿದು ಕೌಂಟರಿಗೆ ಹೋದರೆ ಸಾಕು. ಅಂಚೆಯಲ್ಲೂ ಕೇಳಬಹುದು: ಎರಡೂ ಹೆಸರು, ಕೇಸ್ ನಂಬರ್, ಯಾವ ಕಾಗದ ಎಷ್ಟು ಪ್ರತಿ ಅಂತ ಬರೆದ ಪತ್ರ, ಸ್ವವಿಳಾಸದ ಲಕೋಟೆಗೆ ಸ್ಟಾಂಪ್ ಅಂಟಿಸಿ ಜೊತೆಗಿಡೋದು, ಒಂದು ಚೆಕ್. ಎಷ್ಟು ಪುಟ ಅಂತ ಗೊತ್ತಿಲ್ಲದಾಗ ಚೆಕ್ಕಿನ ಮೊತ್ತ ಖಾಲಿ ಬಿಟ್ಟು ‘ಇಷ್ಟು ಡಾಲರಿಗೆ ಮೀರದಂತೆ’ ಅಂತ ಬರೆಯೋ ಪದ್ಧತಿ ಇದೆ. ಮೈಸೂರಿನಿಂದ ಅಮೆರಿಕದ ಚೆಕ್ ಬರೆಯೋಕಾಗಲ್ಲವಲ್ಲ, ಆದ್ದರಿಂದ ಗೆಳತಿಯೇ ವಾಸಿ.

ಶುಲ್ಕ ರಾಜ್ಯಕ್ಕೆಲ್ಲ ಒಂದೇ. ನಕಲಿಗೆ ಪುಟಕ್ಕೆ 50 ಸೆಂಟ್. ಡಿವೋರ್ಸ್ ಡಿಕ್ರಿಯ ಪ್ರಮಾಣೀಕರಣಕ್ಕೆ, ಅಂದರೆ ನಕಲು ಅಸಲಿನಂತೆಯೇ ಇದೆ ಅಂತ ಕ್ಲರ್ಕ್ ಮುದ್ರೆ, ಸಹಿ ಹಾಕೋದಕ್ಕೆ, 15 ಡಾಲರ್. ಬೇರೆ ಕಾಗದಗಳ ಪ್ರಮಾಣೀಕರಣಕ್ಕೆ 40. ನಂಬರ್ ಇಲ್ಲದೆ ಹೋಗಿ ಹುಡುಕೋದು ಹತ್ತು ನಿಮಿಷ ದಾಟಿದರೆ ಅದಕ್ಕೊಂದು 15. ಕೇಳಬೇಕಾದ್ದು ಎಫ್‌ಎಲ್-180 ಅನ್ನೋ ಫಾರ್ಮ್, ಅದೇ ಜಡ್ಜ್‌ಮೆಂಟ್. ಜೊತೆಗೆ ಅಂಟಿಸಿದ ಒಪ್ಪಂದ ಇದ್ದರೆ ಅದೂ ಸೇರಿ.

ಸುಮ್ನೆಬಂದೆ
ಇನ್ನೊಂದು ಐಡಿಯಾ. ಇರೋ ಜೆರಾಕ್ಸನ್ನೇ ಗೆಳತಿಗೆ ಕಳಿಸಿ, ಅವಳು ನೋಟರಿ ಹತ್ತಿರ ಸಹಿ ಹಾಕಿಸಿ ಅಪೋಸ್ಟಿಲ್ (ಬೇರೆ ದೇಶದಲ್ಲಿ ಕಾಗದ ನಡೆಯೋಕೆ ಸರ್ಕಾರ ಅಂಟಿಸೋ ದೃಢೀಕರಣ) ಮಾಡಿಸಿದರೆ ಕೋರ್ಟಿಗೆ ಹೋಗೋ ಕೆಲಸವೇ ಇಲ್ಲ.

ಕರಿಕೋಟು
ಈ ಮಾತು ಕೇಳಿ ಕೆಟ್ಟವರನ್ನು ನಾನು ಬೆಂಗಳೂರಿನ ಕುಟುಂಬ ನ್ಯಾಯಾಲಯದಲ್ಲಿ ಕಣ್ಣಾರೆ ಕಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಅಪೋಸ್ಟಿಲ್ ಅನ್ನುವುದು ಕಾಗದದ ಒಳಗಿನ ವಿಷಯ ನಿಜ ಎಂದು ಹೇಳುವುದಿಲ್ಲ. ಸಹಿ ಹಾಕಿದವನು ಆ ಅಧಿಕಾರದಲ್ಲಿದ್ದವನೇ ಎಂದಷ್ಟೇ ಹೇಳುತ್ತದೆ. ನೋಟರಿ ಮಾಡಿಸಿದ ಜೆರಾಕ್ಸಿಗೆ ಅಪೋಸ್ಟಿಲ್ ಹಾಕಿಸಿದರೆ ಸಿಗುವುದು ಆ ನೋಟರಿಯ ಸಹಿಗೆ ಗೌರವ. ಕೋರ್ಟಿನ ಡಿಕ್ರಿಗೆ ಅದರಿಂದ ಏನೂ ಸಿಗದು.

ಪ್ರಮಾಣೀಕೃತ ಪ್ರತಿಗೆ ಇಷ್ಟು ಮಹತ್ವ ಯಾಕೆ ಎಂಬುದಕ್ಕೆ ನಮ್ಮ ಸುಪ್ರೀಂ ಕೋರ್ಟಿನ 1991ರ ವೈ. ನರಸಿಂಹ ರಾವ್ ಪ್ರಕರಣ ನೋಡಬೇಕು. 1975ರಲ್ಲಿ ತಿರುಪತಿಯಲ್ಲಿ ಮದುವೆ. ಗಂಡ 1980ರಲ್ಲಿ ಮಿಸೌರಿಯ ಸೇಂಟ್ ಲೂಯಿಸ್ ಕೌಂಟಿಯ ಸರ್ಕ್ಯೂಟ್ ಕೋರ್ಟಿನಿಂದ ವಿಚ್ಛೇದನ ತಂದ, 1981ರಲ್ಲಿ ಯಾದಗಿರಿಗುಟ್ಟದಲ್ಲಿ ಇನ್ನೊಂದು ಮದುವೆಯಾದ. ಮೊದಲ ಹೆಂಡತಿ ದ್ವಿಪತ್ನಿತ್ವದ ದೂರು ಕೊಟ್ಟಳು. ಗಂಡ ಹಾಜರುಪಡಿಸಿದ್ದು ಆ ಡಿಕ್ರಿಯ ಫೋಟೋ ಪ್ರತಿ. ಸಾಕ್ಷ್ಯ ಕಾಯ್ದೆಯ 86ನೇ ಕಲಂ ಕೇಳುವ ರೀತಿಯಲ್ಲಿ ಅದು ಪ್ರಮಾಣೀಕೃತವಾಗಿಲ್ಲ, ನಂಬಲಾಗದು ಎಂದಿತು ಕೋರ್ಟ್. ಆ ಕಲಂ ಕೇಳುತ್ತಿದ್ದದ್ದು ಆ ದೇಶದಲ್ಲಿರುವ ನಮ್ಮ ಕೇಂದ್ರ ಸರ್ಕಾರದ ಪ್ರತಿನಿಧಿಯ ದೃಢೀಕರಣ. ಹಳೆಯ ಕಾಯ್ದೆ ಹೋಗಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಆದರೆ ವಿದೇಶಿ ಕೋರ್ಟಿನ ಕಾಗದವನ್ನು ಅನುಮಾನದಿಂದ ನೋಡುವ ಕಣ್ಣು ಹೋಗಿಲ್ಲ.

ಅಷ್ಟೇ ಅಲ್ಲ. ಪ್ರತಿ ಸರಿಯಾಗಿದ್ದರೂ ಡಿಕ್ರಿಯನ್ನು ಇಲ್ಲಿ ಒಪ್ಪಬೇಕೆಂದಿಲ್ಲ. ಮದುವೆ ಯಾವ ಕಾನೂನಿನಡಿ ಆಯಿತೋ ಅದೇ ಕಾನೂನು ಒಪ್ಪುವ ಕೋರ್ಟು, ಅದೇ ಕಾನೂನು ಒಪ್ಪುವ ಕಾರಣ ಇರಬೇಕು ಎಂದು ಅದೇ ತೀರ್ಪು ಹೇಳಿತು. ವಿನಾಯಿತಿ ಮೂರು. ಎದುರು ಪಕ್ಷ ಕಾಯಂ ಆಗಿ ಅಲ್ಲೇ ನೆಲೆಸಿದ್ದು, ಕಾರಣ ನಮ್ಮ ಕಾನೂನಿಗೂ ಒಪ್ಪುವಂಥದ್ದಾಗಿದ್ದರೆ ಒಂದು. ಎದುರು ಪಕ್ಷ ತಾನಾಗಿ ಹಾಜರಾಗಿ, ನಮ್ಮ ಕಾನೂನು ಒಪ್ಪುವ ಕಾರಣದ ಮೇಲೆಯೇ ವಾದ ಮಾಡಿದ್ದರೆ ಇನ್ನೊಂದು. ಎದುರು ಪಕ್ಷ ವಿಚ್ಛೇದನಕ್ಕೆ ಒಪ್ಪಿದ್ದರೆ ಮೂರನೆಯದು. ತುಂಗೆದಡ ಅವರೇ, ನಿಮ್ಮದು ಈ ಮೂರನೆಯದು. ಆದರೆ ನೀವು ಒಪ್ಪಿದ್ದಿರಿ ಎಂಬುದಕ್ಕೆ ದಾಖಲೆ ಎಲ್ಲಿದೆ? ಬರೀ ಎಫ್‌ಎಲ್-180 ತರಿಸಿದರೆ ಅದರಲ್ಲಿ ನಿಮ್ಮ ಸಹಿ ಇರದೆಯೂ ಇರಬಹುದು.

ಆದ್ದರಿಂದ ಡಿಕ್ರಿ ಮಾತ್ರ ತರಿಸಬೇಡಿ. ಅರ್ಜಿ, ನಿಮಗೆ ಸಮನ್ಸ್ ತಲುಪಿದ ಪುರಾವೆ, ನೀವು ಕೊಟ್ಟ ಉತ್ತರ ಅಥವಾ ಕೇಸಿಗೆ ಹಾಜರಾಗಿದ್ದೇನೆ ಎಂದು ಸಹಿ ಹಾಕಿದ ಹಾಜರಿ ಪತ್ರ, ಒಪ್ಪಂದ, ಡಿಕ್ರಿ. ಎಲ್ಲವನ್ನೂ ಒಂದೇ ಸಲ ತರಿಸಿ. ನೂರು ಡಾಲರಿಗೂ ಮೀರಿ ಜಾಸ್ತಿಯಾಗಬಹುದು. ಎರಡನೇ ಸಲ ಯಾರನ್ನೋ ಕೌಂಟರಿಗೆ ಕಳಿಸುವ ಸಂಕಟಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

ಮಿಲ್ಪಿಟಸ್_ಮಾವ
ಕರಿಕೋಟು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಆ ಹಾಜರಿ ಪತ್ರ ಕ್ಯಾಲಿಫೋರ್ನಿಯಾದಲ್ಲಿ ಎಫ್‌ಎಲ್-130. ಒಪ್ಪಿಗೆಯಲ್ಲಿ ಮುಗಿದ ಕೇಸುಗಳಲ್ಲಿ ಸಾಮಾನ್ಯವಾಗಿ ಇರುತ್ತೆ. ದಾಖಲೆ ಪಟ್ಟಿಯಲ್ಲಿ ಅದರ ತಾರೀಕು ನೋಡಿಕೊಂಡು ಕೇಳಿ.

ಕರಾವಳಿಕೂಸು
ಇದಕ್ಕೊಂದು ಉಪಕಥೆ. ಗಂಡ ಅಲ್ಲಿ, ಹೆಂಡತಿ ಹಾಸನದಲ್ಲಿ, ಆಕೆಗೆ ಸಮನ್ಸನ್ನು ಕೊರಿಯರ್‌ನಲ್ಲಿ ಕಳಿಸಿ ಏಕಪಕ್ಷೀಯ ಡಿಕ್ರಿ ತೆಗೆದುಕೊಂಡವರ ಫೈಲ್ ಒಂದಲ್ಲ ನಾಲ್ಕು ನೋಡಿದ್ದೇನೆ. ಕೋರ್ಟಿನ ಕಾಗದಗಳನ್ನು ಬೇರೆ ದೇಶದಲ್ಲಿ ಹೇಗೆ ತಲುಪಿಸಬೇಕು ಅನ್ನೋ ಹೇಗ್ ಸೇವಾ ಒಪ್ಪಂದ ಭಾರತಕ್ಕೆ ಜಾರಿಯಾದದ್ದು 2007ರ ಆಗಸ್ಟ್ 1ರಿಂದ, ಅಂಚೆ ಮೂಲಕ ತಲುಪಿಸುವುದಕ್ಕೆ ಭಾರತ ಆಕ್ಷೇಪ ಹೇಳಿಯೇ ಸೇರಿದೆ. ದೆಹಲಿಯ ಕಾನೂನು ಸಚಿವಾಲಯದ ಮೂಲಕವೇ ಬರಬೇಕು. ಅಂಥ ಫೈಲಿನಲ್ಲಿ ‘ಸಮನ್ಸ್ ತಲುಪಿದ ಪುರಾವೆ’ ಅನ್ನೋ ಒಂದು ಪುಟ ಡಿಕ್ರಿಗಿಂತ ಹೆಚ್ಚು ಮಾತಾಡುತ್ತೆ. ಡಿಕ್ರಿಯನ್ನು ಒಪ್ಪದ ಹೆಣ್ಣುಮಕ್ಕಳು ಮೊದಲು ತರಿಸಬೇಕಾದ್ದೂ ಅದೇ ಪುಟ.

ಕರಿಕೋಟು
ಸರಿಯಾಗಿ ಹೇಳಿದಿರಿ. ನೆವಾಡದ ವಾಶೋ ಕೌಂಟಿ, ಅಂದರೆ ರೀನೋ ಊರಿನ ಕೋರ್ಟು, 1964ರಲ್ಲಿ ಕೊಟ್ಟ ಡಿಕ್ರಿಯನ್ನು ನಮ್ಮ ಸುಪ್ರೀಂ ಕೋರ್ಟ್ ಸತ್ಯಾ ವಿರುದ್ಧ ತೇಜಾ ಸಿಂಗ್ ಪ್ರಕರಣದಲ್ಲಿ ಮೋಸದ್ದು ಎಂದು ತಳ್ಳಿಹಾಕಿತು. ಆರು ವಾರ ಇದ್ದರೆ ಡಿವೋರ್ಸ್ ಕೊಡುವ ರಾಜ್ಯ ಅದು, 1931ರಿಂದ. ಗಂಡನಿಗೆ ನೆವಾಡದಲ್ಲಿ ನೆಲೆಸುವ ಉದ್ದೇಶವೇ ಇರಲಿಲ್ಲ ಎಂಬುದು ಬಯಲಾಯಿತು.

ಫ್ರಿಸ್ಕೋಗೌಡ
ಟೆಕ್ಸಾಸಿನವರಿಗೂ ಸ್ವಲ್ಪ ಜಾಗ ಬಿಡಿ. ನಮ್ಮ ಫ್ರಿಸ್ಕೋ ಅರ್ಧ ಕಾಲಿನ್ ಕೌಂಟಿ, ಅರ್ಧ ಡೆಂಟನ್ ಕೌಂಟಿ. ನನ್ನ ತಮ್ಮನ ಡಿಕ್ರಿಗೆ ನಾನು ಮೊದಲು ತಪ್ಪು ಕೌಂಟಿಗೆ ಹೋದೆ, ಆಮೇಲೆ ಸರಿಯಾದ ಕೌಂಟಿಯ ತಪ್ಪು ಕಿಟಕಿಗೆ ಹೋದೆ. ಇಲ್ಲಿ ಮದುವೆ ಲೈಸೆನ್ಸ್ ಕೊಡೋದು ಕೌಂಟಿ ಕ್ಲರ್ಕ್, ಡಿವೋರ್ಸ್ ಫೈಲ್ ಇರೋದು ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ. ಕಟ್ಟೋರು ಒಬ್ಬರು, ಬಿಚ್ಚೋರು ಇನ್ನೊಬ್ಬರು ಅಂತ ನೆನಪಿಟ್ಟುಕೊಳ್ಳಿ. ಪ್ರತಿ ಪುಟಕ್ಕೆ 1 ಡಾಲರ್. ರಾಜ್ಯದ ಆರೋಗ್ಯ ಇಲಾಖೆಯವರು 20 ಡಾಲರಿಗೆ ‘ವೆರಿಫಿಕೇಶನ್ ಲೆಟರ್’ ಕೊಡ್ತಾರೆ, 1968ರಿಂದ ಈಚೆಯವಕ್ಕೆ. ಯಾವ ಕೌಂಟಿ ಅಂತ ಮರೆತವರಿಗೆ ಪತ್ತೆಹಚ್ಚೋಕೆ ಅದು ಒಳ್ಳೇದು. ಡಿಕ್ರಿ ಕೇಳಿದ ಕಡೆ ಅದನ್ನ ಕೊಟ್ಟರೆ ತಳ್ತಾರೆ.

ರಾಗಿಮುದ್ದೆ_ಕ್ವೀನ್ಸ್
ಸ್ಯಾನ್ ಹೊಸೆಯಲ್ಲಿ ಗೆಳತಿ ಹೋದರೆ ಸಾಕು ಅಂತ ಓದಿ ಹೊಟ್ಟೆ ಉರಿಯಿತು. ನ್ಯೂಯಾರ್ಕಿನಲ್ಲಿ ಆ ಆಟ ನಡೆಯಲ್ಲ. ಇಲ್ಲಿ ಡಿವೋರ್ಸ್ ಕೊಡೋದು ಸುಪ್ರೀಂ ಕೋರ್ಟ್ (ಹೆಸರು ಹಾಗೆ, ಇದು ಕೆಳಗಿನ ಕೋರ್ಟೇ), ಫೈಲ್ ಇಡೋದು ಕೌಂಟಿ ಕ್ಲರ್ಕ್. ಡೊಮೆಸ್ಟಿಕ್ ರಿಲೇಶನ್ಸ್ ಲಾ 235ನೇ ಕಲಂ ಪ್ರಕಾರ ಫೈಲ್ ಕೊಡೋದು ಆ ಗಂಡ ಹೆಂಡತಿಗೆ, ಅವರ ವಕೀಲರಿಗೆ, ಇಲ್ಲವೇ ಕೋರ್ಟ್ ಆದೇಶ ತಂದವರಿಗೆ ಮಾತ್ರ. 100 ವರ್ಷ ಹಾಗೇ. ನನ್ನ ಅಕ್ಕ ಬೆಂಗಳೂರಿನಿಂದ ನನಗೆ ನೋಟರಿ ಮಾಡಿದ ಅಧಿಕಾರ ಪತ್ರ ಕಳಿಸಬೇಕಾಯಿತು. ಅದಕ್ಕೆ ಅವಳು ಚೆನ್ನೈನ ಅಮೆರಿಕನ್ ಕಾನ್ಸುಲೇಟಿಗೆ ಹೋಗಿ ಬಂದಳು, ಒಂದು ಮುದ್ರೆಗೆ 50 ಡಾಲರ್. ಮಸಾಲೆ ದೋಸೆ ಚೆನ್ನಾಗಿತ್ತಂತೆ, ಅಷ್ಟೇ ಲಾಭ.

ತುಂಗೆದಡ
ಇದನ್ನು ಓದುತ್ತ ಒಂದು ಭಯ ಬಂತು. ಹಾಗಾದರೆ ಕ್ಯಾಲಿಫೋರ್ನಿಯಾದಲ್ಲಿ ನನ್ನ ಫೈಲನ್ನು ಯಾರು ಬೇಕಾದರೂ ಓದಬಹುದಾ? ಹೊಸ ಸಂಬಂಧದ ಕಡೆಯವರ ಸೋದರಮಾವ ಸ್ಯಾನ್ ಹೊಸೆಯಲ್ಲೇ ಇದ್ದಾರೆ…

ಕರಾವಳಿಕೂಸು
ಓದಬಹುದು. ಕೋರ್ಟಿಗೆ ಹೋಗುವಷ್ಟು ಕುತೂಹಲ, ಪಾರ್ಕಿಂಗಿಗೆ ಕೊಡುವಷ್ಟು ದುಡ್ಡು ಎರಡೂ ಇದ್ದರೆ. ನಿಮ್ಮದು ಒಪ್ಪಿಗೆಯ ಕೇಸ್, ಅದರಲ್ಲಿ ಫಾರ್ಮುಗಳಲ್ಲಿ ಹಾಕಿದ ಟಿಕ್ ಗುರುತು ಬಿಟ್ಟು ಏನಿರುತ್ತೆ? ಸಂಬಳದ ವಿವರದ ಫಾರ್ಮ್ ಇದ್ದರೆ ಇದ್ದೀತು. 2013ರ ಸಂಬಳ ನೋಡಿ ಸೋದರಮಾವ ಮರುಗಿಯಾರು.

ಮಿಲ್ಪಿಟಸ್_ಮಾವ
ಅಪೋಸ್ಟಿಲ್ ಬಗ್ಗೆ ಪೂರ್ತಿ ಮಾಡುತ್ತೇನೆ. ಭಾರತ ಅಪೋಸ್ಟಿಲ್‌ನ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿ ಜಾರಿಯಾದದ್ದು 2005ರ ಜುಲೈ 14ರಿಂದ. ಕೌಂಟಿ ಕೋರ್ಟಿನ ಕಾಗದಕ್ಕೆ ಅಪೋಸ್ಟಿಲ್ ಹಾಕೋದು ವಾಷಿಂಗ್ಟನ್ ಅಲ್ಲ, ಆ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್. ಕ್ಯಾಲಿಫೋರ್ನಿಯಾದ್ದಕ್ಕೆ ಸ್ಯಾಕ್ರಮೆಂಟೋಗೆ ಅಂಚೆಯಲ್ಲಿ ಕಳಿಸಬಹುದು, ಒಂದಕ್ಕೆ 20 ಡಾಲರ್. ಖುದ್ದಾಗಿ ಹೋದರೆ 6 ಡಾಲರ್ ಜಾಸ್ತಿ. ಪತ್ರದಲ್ಲಿ ‘ಭಾರತದಲ್ಲಿ ಬಳಸಲು’ ಅಂತ ದೇಶದ ಹೆಸರು ಬರೆಯೋದು ಮರೀಬೇಡಿ. ಕೌಂಟರಿನಲ್ಲಿ ಪ್ರತಿ ತೆಗೆದುಕೊಳ್ಳುವಾಗಲೇ ಇದು ಅಪೋಸ್ಟಿಲ್‌ಗೆ ಅಂತ ಹೇಳಲಿ. ಸಹಿ ಮಾಡಿದ ಅಧಿಕಾರಿಯ ಹೆಸರು ಓದೋ ಹಾಗಿರಬೇಕು. ಗೀಚಿದ ಸಹಿ ಮಾತ್ರ ಇದ್ದರೆ ಅಲ್ಲಿ ಹೋಲಿಸಿ ನೋಡೋದು ಕಷ್ಟ, ವಾಪಸ್ ಬರುತ್ತೆ.

ತುಂಗೆದಡ (ಏಳು ವಾರದ ನಂತರ)
ಕಾಗದ ಕೈಸೇರಿತು. ಗೆಳತಿ ಎರಡು ಸಲ ಹೋಗಬೇಕಾಯಿತು, ಮೊದಲ ದಿನ ಕೌಂಟರ್ ಮುಚ್ಚುವ ಹೊತ್ತಿಗೆ ತಲುಪಿದ್ದಳಂತೆ. ಎಫ್‌ಎಲ್-130 ಸಿಕ್ಕಿತು, ನನ್ನದೇ ಸಹಿ, ಆಗಿನ ಗುಂಡು ಅಕ್ಷರ. ಒಪ್ಪಂದ ಹನ್ನೊಂದು ಪುಟ. ಎಲ್ಲದಕ್ಕೂ ಮುದ್ರೆ, ಡಿಕ್ರಿಗೂ ಹಾಜರಿ ಪತ್ರಕ್ಕೂ ಅಪೋಸ್ಟಿಲ್.

ಒಂದು ಎಡವಟ್ಟು ಮಾತ್ರ. ನಾನು ಇಷ್ಟು ವರ್ಷ ಎಲ್ಲ ಫಾರ್ಮಿನಲ್ಲೂ ವಿಚ್ಛೇದನದ ದಿನಾಂಕ ಅಂತ ಬರೆಯುತ್ತಿದ್ದದ್ದು ಜಡ್ಜ್ ಸಹಿ ಹಾಕಿದ ತಾರೀಕು. ಡಿಕ್ರಿಯ ಮೊದಲ ಪುಟದಲ್ಲಿ ‘ವೈವಾಹಿಕ ಸ್ಥಿತಿ ಕೊನೆಗೊಳ್ಳುವ ದಿನಾಂಕ’ ಅಂತ ಬೇರೆಯದೇ ಇದೆ, ಐದು ವಾರ ಆಮೇಲಿನದು.

ಮಿಲ್ಪಿಟಸ್_ಮಾವ
ಹೌದು, ಅಲ್ಲಿ ಸಮನ್ಸ್ ತಲುಪಿ 6 ತಿಂಗಳಾಗುವವರೆಗೆ ಮದುವೆ ಮುರಿಯಲ್ಲ, ಜಡ್ಜ್ ಮೊದಲೇ ಸಹಿ ಹಾಕಿದ್ದರೂ ಸರಿ. ಕಾನೂನಿಗೆ ಲೆಕ್ಕ ಆ ಎರಡನೇ ತಾರೀಕೇ.

ಕರಿಕೋಟು
ಮದುವೆಯ ನೋಟಿಸಿನಲ್ಲಿ ಅದನ್ನೇ ಬರೆಯಿರಿ. ಪಾಸ್‌ಪೋರ್ಟ್ ಅರ್ಜಿಯಲ್ಲೂ ಅದೇ ಇರಲಿ, ಎರಡು ಕಡೆ ಎರಡು ತಾರೀಕು ಬೇಡ. ನಿಮ್ಮ ವಕೀಲರಿಗೆ ಇವತ್ತೇ ಹೇಳಿಬಿಡಿ. ಮುಂದೆ ಯಾರಾದರೂ ಈ ಡಿಕ್ರಿಯನ್ನು ಪ್ರಶ್ನಿಸುವ ಸಂಭವ ಇದ್ದರೆ, ಕುಟುಂಬ ನ್ಯಾಯಾಲಯದಲ್ಲಿ ವೈವಾಹಿಕ ಸ್ಥಿತಿಯ ಘೋಷಣೆ ಕೇಳುವ ದಾವೆಗೂ ಅವಕಾಶವಿದೆ. ನಿಮ್ಮ ಕಾಗದ ನೋಡಿದರೆ ಅಷ್ಟು ದೂರ ಹೋಗಬೇಕಾಗಲಾರದು.

ಫ್ರಿಸ್ಕೋಗೌಡ
ಒಂದೇ ಒಂದು ಮಾತು: ಅಪೋಸ್ಟಿಲ್ ಹಾಳೆಯನ್ನ ಡಿಕ್ರಿಗೆ ಹೊಡೆದಿರೋ ಪಿನ್ ಕೀಳಬೇಡಿ. ಬೇರೆ ಮಾಡಿದರೆ ಅದಕ್ಕೆ ಬೆಲೆ ಇಲ್ಲ.

ತುಂಗೆದಡ
ನಿಮ್ಮ ಮೆಸೇಜ್ ಓದಿದ್ದು ಸರಸ್ವತಿಪುರಂನ ಜೆರಾಕ್ಸ್ ಅಂಗಡಿಯಲ್ಲಿ ನಿಂತು. ಹುಡುಗ ಆಗಲೇ ಪಿನ್ ಕೀಳೋ ಕೊಕ್ಕೆ ಕೈಗೆತ್ತಿಕೊಂಡಿದ್ದ. ‘ಮಡಚಿ ತೆಗಿ, ಕೀಳಬೇಡ’ ಅಂತ ನಾನು ಕೂಗಿದ್ದಕ್ಕೆ ಪಕ್ಕದಲ್ಲಿದ್ದ ಅಜ್ಜ ತಮ್ಮ ಪಹಣಿಯನ್ನೂ ಎದೆಗೆ ಒತ್ತಿಕೊಂಡರು.